ಬಿಲ್ಲುಗಾರ ಗಾಡ್ಫ್ರಿ ಪೆಕ್

ಫ್ರಾನ್ಸಿನಲ್ಲಿ ನಡೆದ ಆ ದೊಡ್ಡ ಕಾಳಗವನ್ನು ಗೆದ್ದವರು ಯಾರು ಎನ್ನುವ ವಿಷಯದಲ್ಲಿ ದೇಶದಲ್ಲೆಲ್ಲ ಭಿನ್ನಾಭಿಪ್ರಾಯವಿತ್ತು. ಆಸ್ಥಾನದವರು ಅರಸರು ಗೆದ್ದರು ಎನ್ನುತ್ತಿದ್ದರು. ಮಠದವರು ದೇವರು ಗೆದ್ದ ಎನ್ನುತ್ತಿದ್ದರು. ಬಿಲ್ಲುಗಾರರು ಎರಡನ್ನೂ ಕೇಳಿಸಿಕೊಂಡು, ಏನೂ ಹೇಳದೆ, ಇನ್ನೊಂದು ಲೋಟ ಬಿಯರು ತರಿಸುತ್ತಿದ್ದರು. ಮಿಕಲ್‌ಬಿ ಎಂಬ ಊರಿನ ಹ್ಯಾಮನ್ ಪೆಕ್‌ಗೆ ಮಾತ್ರ ಈ ಬಗ್ಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕಾಳಗ ಗೆದ್ದದ್ದು ಅವನ ಗಂಡು ಹೆಬ್ಬಾತು.

ಹೀಗೆ ಹೇಳುವುದಕ್ಕೆ ಅವನಲ್ಲಿ ಆಧಾರವೂ ಇತ್ತು. ಮಿಕಲ್‌ಬಿ ಜೌಗುನೆಲದ ಅಂಚಿನ ಊರು. ಮನೆ ಮೂವತ್ತು, ಹೆಬ್ಬಾತು ನಾನೂರು. ಅರಸರು ಹಡಗು ಹತ್ತುವ ಮುಂಚಿನ ವಸಂತದಲ್ಲಿ ಒಂದು ಆಜ್ಞೆ ಬಂದಿತ್ತು: ಬಾಣಗಳ ಹಿಂತುದಿಗೆ ಕಟ್ಟಲು ಪ್ರತಿ ಹೆಬ್ಬಾತಿನ ರೆಕ್ಕೆಯಿಂದ ಆರು ಗರಿ ಕೊಡತಕ್ಕದ್ದು, ಕಾವಿಗೆ ಕೂತವಕ್ಕೆ ಮಾತ್ರ ವಿನಾಯಿತಿ. ಹ್ಯಾಮನ್ ಸಾಕಿದ ಗಾಡ್ಫ್ರಿ ಕಾವಿಗೆ ಕೂರುವ ಜಾತಿಯಲ್ಲ, ಕೂತವರನ್ನು ಎಬ್ಬಿಸುವ ಜಾತಿ. ಆರು ಗರಿ ಕೊಟ್ಟಿತು. ಬದಲಿಗೆ ಗರಿ ಕಿತ್ತ ಅಧಿಕಾರಿಯ ಚಲ್ಲಣದ ಹಿಂಭಾಗದಿಂದ ಅಂಗೈಯಗಲದ ತುಂಡೊಂದನ್ನು ತೆಗೆದುಕೊಂಡಿತು. ಲೆಕ್ಕ ಅಲ್ಲಿಗೆ ಚುಕ್ತಾ ಆಗಬೇಕಾಗಿತ್ತು.

ಆದರೆ ಕಾಳಗ ಮುಗಿದು, ಊರಿನಿಂದ ಹೋಗಿದ್ದ ಒಬ್ಬನೇ ಒಬ್ಬ ಬಿಲ್ಲುಗಾರ ಥರ್ಸ್ಟನ್ ಬ್ಲೈ ಜೀವಸಹಿತ ವಾಪಸು ಬಂದ. ಬಂದವನು ಮನೆಗೆ ಹೋಗುವ ಮುಂಚೆ ವಿಧವೆ ಮೇಬಲ್ ನಡೆಸುತ್ತಿದ್ದ ಬಿಯರಿನ ಮನೆಗೆ ಹೋದ. ಹದಿನೈದು ದಿನ ಅಲ್ಲೇ ಕೂತು ಯುದ್ಧ ಮಾಡಿದ.

"ಒಂದೇ ಬಾಣ," ಅಂದ ಥರ್ಸ್ಟನ್. "ಕುದುರೆ ಮಗುಚ್ಕೊಂಡ್ತು. ಮೇಲಿದ್ದ ಫ್ರೆಂಚ್ ದೊಡ್ಡ ಮನುಷ್ಯ ಅಂಗಾತ ಕೆಸರಿಗೆ ಬಿದ್ದ. ಮೈ ತುಂಬ ಕಬ್ಬಿಣ ಅಲ್ವಾ, ಮಗುಚಿ ಹಾಕಿದ ಆಮೆ ಥರ ಒದ್ದಾಡ್ತಿದ್ದ ಪಾಪ."

"ಆ ಬಾಣದ ಗರಿ ಯಾವ ಬಣ್ಣದ್ದು?" ಎಂದು ಹ್ಯಾಮನ್ ಕೇಳಿದ.

"ಗರಿನಾ?"

"ಗರಿ ಕಣಯ್ಯಾ. ಬಾಣದ ಹಿಂದೆ ಕಟ್ಟಿರ್ತಾರಲ್ಲ."

ಥರ್ಸ್ಟನ್ ತನ್ನ ಲೋಟದೊಳಗೆ ಇಣುಕಿ ನೋಡಿದ. ಖಾಲಿಯಾಗಿತ್ತು. ಹ್ಯಾಮನ್ ಮೇಬಲ್‌ಗೆ ಸನ್ನೆ ಮಾಡಿದ.

"ಬೂದು," ಅಂದ ಥರ್ಸ್ಟನ್, ಲೋಟ ತುಂಬುತ್ತಿದ್ದಂತೆ.

"ಅಂಚಿಗೆ ಬಿಳಿ ಇತ್ತಾ?"

"ಇತ್ತು ಅಂದ್ರೆ ಇತ್ತು."

"ನಾನು ಹೇಳಿದ್ದು ಬೇಡ. ನೀನು ಕಂಡಿದ್ದು ಹೇಳು."

ಥರ್ಸ್ಟನ್ ಅರ್ಧ ಲೋಟ ಇಳಿಸಿ ಮೀಸೆ ಒರೆಸಿಕೊಂಡ. "ಬಿಳಿ ಅಂಚೇ. ಈಗ ಕಣ್ಣಿಗೆ ಕಟ್ಟಿದ ಹಾಗಿದೆ ನೋಡು."

ಹ್ಯಾಮನ್ ಎದ್ದು ನಿಂತು ಟೋಪಿ ತೆಗೆದ. "ಗಾಡ್ಫ್ರಿ," ಎಂದ.

ಅಂದಿನಿಂದ ಹ್ಯಾಮನ್ ನಡೆಯುವ ಧಾಟಿಯೇ ಬದಲಾಯಿತು. ಗಾಡ್ಫ್ರಿಯ ಕತ್ತಿಗೊಂದು ಕೆಂಪು ರಿಬ್ಬನ್ ಬಂತು. ಕೊಳದ ದಂಡೆಯಲ್ಲಿ ಬೇರೆ ಹೆಬ್ಬಾತುಗಳು ಎದುರಾದರೆ ಹ್ಯಾಮನ್ ನಿಂತು, "ಮೊದಲು ಅವನು ಹೋಗಲಿ" ಎನ್ನುತ್ತಿದ್ದ. ಬದಿಮನೆಯ ರ್‍ಯಾಂಡಲ್ ಕ್ರೋ ಗುಡಿಸಲು ಹೊದಿಸುವ ಕೆಲಸದವನು. ಸೂರಿನ ಮೇಲೆ ಕೂತೇ ಜಗಳವಾಡುವ ಅಭ್ಯಾಸ ಅವನದು.

"ನನ್ನ ಬರ್ನಾರ್ಡೂ ಆರು ಗರಿ ಕೊಟ್ಟಿದೆಯಪ್ಪಾ," ಎಂದು ಅವನು ಮೇಲಿನಿಂದ ಕೂಗಿದ.

"ಕೊಟ್ಟಿರಬಹುದು. ಬಾಣ ಎಲ್ಲಿ ಬಿತ್ತು?"

"ನಂಗೇನು ಗೊತ್ತು?"

"ಅಲ್ಲೇ ಇರೋದು ನೋಡು ವ್ಯತ್ಯಾಸ," ಎಂದು ಹ್ಯಾಮನ್ ಮುಂದೆ ನಡೆದ.

ಭಾನುವಾರ ಅವನು ಪಾದ್ರಿ ಆಂಬ್ರೋಸರನ್ನು ಚರ್ಚಿನ ಬಾಗಿಲಲ್ಲೇ ತಡೆದ. "ಯುದ್ಧದಲ್ಲಿ ದುಡಿದವರಿಗೆ ಒಳ್ಳೇದಾಗಲಿ ಅಂತ ಹೆಸರು ಓದ್ತೀರಲ್ಲ ಪಾದ್ರಿಗಳೇ, ಅದರಲ್ಲಿ ಒಂದು ಬಿಟ್ಟುಹೋಗಿದೆ."

"ಅದಕ್ಕೆ ಜ್ಞಾನಸ್ನಾನ ಆಗಿಲ್ಲವಲ್ಲ, ಹ್ಯಾಮನ್," ಅಂದರು ಪಾದ್ರಿಗಳು. ಅವರಿಗೂ ಸುದ್ದಿ ಮುಟ್ಟಿತ್ತು.

"ದಿನಾ ಎರಡು ಸಲ ಕೊಳದಲ್ಲಿ ಮುಳುಗ್ತಾನೆ."

ಪಾದ್ರಿಗಳು ಈ ಪ್ರಶ್ನೆಯನ್ನು ಬಿಷಪ್ಪರಿಗೆ ಬರೆದು ಕೇಳುವುದಾಗಿ ಹೇಳಿ ಒಳಗೆ ಹೋದರು. ಬರೆಯಲಿಲ್ಲ.

ಈ ಎಲ್ಲದರಿಂದ ಕದಲದವಳು ಹ್ಯಾಮನ್‌ನ ಹೆಂಡತಿ ಅವೀಸ್ ಒಬ್ಬಳೇ. "ಮೈಕೆಲ್ಮಸ್ ಹಬ್ಬಕ್ಕೆ ಈ ಸಲ ಅದನ್ನೇ ಹುರಿಯೋಣ," ಅಂದಳು.

"ಯುದ್ಧ ಮಾಡಿದವನನ್ನ ಹುರೀತೀಯಾ?"

"ಈರುಳ್ಳಿ ಹಾಕಿ."

ಇಷ್ಟು ಯುದ್ಧಾಭಿಮಾನವಿದ್ದ ಹ್ಯಾಮನ್ ಬಿಲ್ಲು ಹಿಡಿದರೆ ಹೇಗೆ ಎಂಬುದನ್ನೂ ಹೇಳಬೇಕು. ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಊರಿನ ಗಂಡಸರೆಲ್ಲ ಚರ್ಚಿನ ಹಿಂದಿನ ಬಯಲಿನಲ್ಲಿ ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟು ಬಾಣ ಬಿಡಬೇಕೆಂಬುದು ಕಾನೂನು. ಆ ದಿಬ್ಬ ಒಂದು ಮನೆಯಷ್ಟು ದೊಡ್ಡದಿತ್ತು. ಆದರೂ ಹ್ಯಾಮನ್‌ನ ಸರದಿ ಬಂದಾಗ ಪಾದ್ರಿಗಳ ಅಡುಗೆಯವಳು ಕೋಸಿನ ತೋಟದಿಂದ ಎದ್ದು ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದಳು. ಅವಳ ತೋಟ ಇದ್ದದ್ದು ಬಾಣ ಬಿಡುವವರ ಬೆನ್ನ ಹಿಂದೆ.

ಹೀಗಿರುವಾಗ ಅರಸರು ಮತ್ತೆ ಫ್ರಾನ್ಸಿಗೆ ಹೊರಟರು. ಊರೂರಿಗೆ ತಿರುಗಿ ಸೈನ್ಯಕ್ಕೆ ಹೆಸರು ಬರೆದುಕೊಳ್ಳಲು ಲ್ಯಾಂಬರ್ಟ್ ಎಂಬ ಗುಮಾಸ್ತರು ಬಂದರು. ತೆಳ್ಳಗಿನ, ಮೆದುಮಾತಿನ ಪೇಟೆಯ ಮನುಷ್ಯ. ಬದುಕಿನಲ್ಲಿ ಒಂದು ಸುಳ್ಳು ಹೇಳಿದವರಲ್ಲ. ಹಾಗಾಗಿ ಬೇರೆಯವರು ಹೇಳಿದಾಗ ಗುರುತು ಹತ್ತುತ್ತಿರಲಿಲ್ಲ. ಮೇಬಲ್‌ಳ ಅಂಗಳದ ಬೆಂಚಿನ ಮೇಲೆ ಚರ್ಮದ ಹಾಳೆ ಹಾಸಿಕೊಂಡು ಕೂತರು. ಗಂಡಸರು ಎದುರಿಗೆ ಸಾಲಾಗಿ ನಿಂತರು. ಥರ್ಸ್ಟನ್ ಮತ್ತು ಹೊಲದ ಕೆಲಸ ಬೇಸರವಾಗಿದ್ದ ಐವರು ಯುವಕರು ಮೊದಲೇ ಖುಷಿಯಿಂದ ಹೆಸರು ಬರೆಸಿ ಪಕ್ಕಕ್ಕೆ ಸರಿದಿದ್ದರು.

"ಉಳಿದ ಮನೆಗಳಿಂದ ಒಬ್ಬೊಬ್ಬರ ಹೆಸರು," ಅಂದರು ಲ್ಯಾಂಬರ್ಟ್. "ಹದಿನಾರರಿಂದ ಅರವತ್ತರೊಳಗಿನವರು. ಮನೆಯವರು ಯಾರಾದರೂ ಹಿಂದಿನ ಕಾಳಗದಲ್ಲಿ ಸೇವೆ ಮಾಡಿದ್ದರೆ ಅವರ ಹೆಸರು ಕೊಟ್ಟರೆ ಸಾಕು. ಬೇರೆಯವರನ್ನು ಕೇಳುವುದಿಲ್ಲ."

ಸಾಲಿನ ಮೊದಲಲ್ಲಿ ಇದ್ದವನು ಹ್ಯಾಮನ್. ವಯಸ್ಸು ನಲವತ್ತಾರು. ಮುಂದಕ್ಕೆ ನೋಡಿದರೆ ಫ್ರಾನ್ಸ್ ಕಾಣುತ್ತಿತ್ತು.

"ನಮ್ಮ ಮನೆಯಿಂದ ಗಾಡ್ಫ್ರಿ," ಅಂದ.

ಹಿಂದೆ ನಿಂತಿದ್ದ ರ್‍ಯಾಂಡಲ್‌ಗೆ ಕೆಮ್ಮು ಬಂತು.

"ಗಾಡ್ಫ್ರಿ ಪೆಕ್," ಎಂದು ಬರೆದುಕೊಂಡರು ಲ್ಯಾಂಬರ್ಟ್. "ಕಾಳಗದಲ್ಲಿ ಇದ್ದನೇ?"

"ಅವನಿಂದ ಆಗಬೇಕಾದ್ದು ಆಯ್ತು ಸ್ವಾಮಿ. ಒಬ್ಬ ದೊಡ್ಡ ಮನುಷ್ಯನ ಕುದುರೆ ಬಿತ್ತು. ಬೇಕಾದ್ರೆ ಥರ್ಸ್ಟನ್‌ನ ಕೇಳಿ."

"ಕಣ್ಣಾರೆ ಕಂಡಿದ್ದೀನಿ," ಅಂದ ಥರ್ಸ್ಟನ್. ಅವನ ಲೋಟದ ದುಡ್ಡು ಈಗಲೂ ಹ್ಯಾಮನ್ನೇ ಕೊಡುತ್ತಿದ್ದ.

"ಸಂಬಳ ಪೂರ್ತಿ ಬಂತೇ?"

"ಬಿಡಿಗಾಸು ಮುಟ್ಟಿಲ್ಲ ಸ್ವಾಮಿ."

ಲ್ಯಾಂಬರ್ಟ್ ಲೇಖನಿ ಕೆಳಗಿಟ್ಟರು. ಹನ್ನೊಂದು ಊರು ತಿರುಗಿ ಬಂದಿದ್ದರು. ಹನ್ನೊಂದು ಊರಲ್ಲೂ ಅವರನ್ನು ಜನ ಹಳೆಯ ಸಂಬಳಕ್ಕಾಗಿ ಅಟ್ಟಿಸಿಕೊಂಡು ಬಂದಿದ್ದರು. "ಮುಟ್ಟಲೇ ಇಲ್ಲವೇ?"

"ಅವನಿಗೆ ಆ ಯೋಚನೆಯೇ ಬರಲಿಲ್ಲ."

"ವಯಸ್ಸು?"

"ಒಂಬ..." ಹ್ಯಾಮನ್ ಗಂಟಲು ಸರಿಮಾಡಿಕೊಂಡ. "ಇಪ್ಪತ್ತೊಂಬತ್ತು."

"ಮೈಕಟ್ಟು?"

"ಎದೆ ಚೆನ್ನಾಗಿದೆ. ಕತ್ತು ಸ್ವಲ್ಪ ಉದ್ದ."

"ಸ್ವಭಾವ?"

"ಗುರುತಿಲ್ಲದವರನ್ನ ಕಂಡ್ರೆ ಸಿಟ್ಟು."

"ಯೋಧನಿಗೆ ಅದು ಇರಬೇಕು," ಎಂದು ಲ್ಯಾಂಬರ್ಟ್ ಮೂರನ್ನೂ ಅಂದವಾಗಿ ಬರೆದರು. "ಮುಂದಿನವರು."

ಮುಂದೆ ಬಂದ ರ್‍ಯಾಂಡಲ್‌ನ ಮುಖ ಚರ್ಚಿನಲ್ಲಿ ಮಂಡಿಯೂರಿದವನ ಮುಖದಷ್ಟು ಗಂಭೀರವಾಗಿತ್ತು. "ನಮ್ಮ ಮನೆಯಿಂದ ಬರ್ನಾರ್ಡ್."

"ಅವನೂ ಕಾಳಗದವನೇ? ಸಂಬಳ?"

"ಮಿಕಲ್‌ಬಿಯಲ್ಲಿ ಸಂಬಳ ಮುಟ್ಟೋ ಪದ್ಧತಿ ಇಲ್ಲ ಸ್ವಾಮಿ."

ಆಮೇಲೆ ಸಾಲು ಸರಸರನೆ ಸಾಗಿತು. ವಾಲ್ಟರ್, ಹ್ಯೂ, ಇಬ್ಬರು ಎಡ್ಮಂಡರು. ವಿಧವೆ ಮೇಬಲ್ ಜಗ್ಗು ಕೆಳಗಿಟ್ಟು ಬಂದು ಫಿಲಿಪ್‌ನ ಹೆಸರು ಬರೆಸಿದಳು.

"ನಿನ್ನ ಮಗನೇ, ತಾಯಿ?"

"ಮಗನಿಗಿಂತ ಹೆಚ್ಚು ಸ್ವಾಮಿ. ನನ್ನ ಕೈಯಲ್ಲೇ ಕಣ್ಣು ಬಿಟ್ಟಿದ್ದು."

ಹೀಗೆ ಹದಿನಾಲ್ಕು ಹೆಸರಾಯಿತು. ಉಳಿದ ಮನೆಗಳಲ್ಲಿ ಮುದುಕರೇ ಇದ್ದರು. ಅವರಿಗೆ ಸುಳ್ಳಿನ ಅಗತ್ಯ ಬೀಳಲಿಲ್ಲ. ಲ್ಯಾಂಬರ್ಟ್ ಹಾಳೆ ಸುತ್ತುವಾಗ ಅವರ ಕಣ್ಣು ಒದ್ದೆಯಾಗಿತ್ತು. "ನಮ್ಮ ದೊರೆ ಸರ್ ಬಾಲ್ಡ್ವಿನ್‌ಗೆ ಇದನ್ನು ನಾನೇ ಕೈಯಾರೆ ಒಪ್ಪಿಸುತ್ತೇನೆ," ಎಂದು ಕುದುರೆ ಹತ್ತಿದರು. ಊರಿನವರು ಅವರು ತಿರುವು ದಾಟುವವರೆಗೆ ತಡೆದುಕೊಂಡಿದ್ದು, ಆಮೇಲೆ ನೆಲಕ್ಕೆ ಬಿದ್ದು ನಕ್ಕರು. ಪಟ್ಟಿ ಪೇಟೆಗೆ ಹೋಗುತ್ತದೆ, ಪೆಟ್ಟಿಗೆ ಸೇರುತ್ತದೆ, ಇಲಿ ತಿನ್ನುತ್ತದೆ ಎಂಬುದು ಎಲ್ಲರ ಅಭಿಪ್ರಾಯವಾಗಿತ್ತು. ಆ ದಿನ ಹ್ಯಾಮನ್‌ನನ್ನು ಹೆಗಲ ಮೇಲೆ ಹೊತ್ತು ಕೊಳ ಸುತ್ತಿಸಿದರು.

ಮುಂದಿನ ಮಂಗಳವಾರ ಸವಾರನೊಬ್ಬ ಬಂದು ಚರ್ಚಿನ ಮೆಟ್ಟಿಲ ಮೇಲೆ ನಿಂತು ಪತ್ರ ಓದಿದ. ಸರ್ ಬಾಲ್ಡ್ವಿನ್ ಪಟ್ಟಿಯನ್ನು ಎರಡು ಸಲ ಓದಿದ್ದರಂತೆ. ಇಡೀ ಸೀಮೆಯಲ್ಲಿ ಸಂಬಳ ಮುಟ್ಟದ ಹದಿನಾಲ್ಕು ಹಳೆಯ ಯೋಧರು ಒಂದೇ ಊರಿನಲ್ಲಿರುವುದನ್ನು ಕಂಡು ಊಟ ಬಿಟ್ಟಿದ್ದರಂತೆ. ಅರಸರ ಮಂತ್ರಿಗಳಿಗೂ ಬರೆದಾಯಿತಂತೆ. ಗುರುವಾರ ಬೆಳಗ್ಗೆ ತಾವೇ ಬಂದು ಆ ಹದಿನಾಲ್ಕೂ ಜನರ ಕೈ ಕುಲುಕುತ್ತಾರಂತೆ. ಗಾಡ್ಫ್ರಿ ಪೆಕ್‌ನನ್ನು ಇಪ್ಪತ್ತು ಬಿಲ್ಲುಗಾರರ ನಾಯಕನನ್ನಾಗಿ ಮಾಡಲಾಗಿದೆ.



ಬುಧವಾರ ಮಧ್ಯಾಹ್ನ ಹದಿನಾಲ್ಕು ಮನೆಯವರೂ ಹ್ಯಾಮನ್‌ನ ಹೆಬ್ಬಾತಿನ ದೊಡ್ಡಿಯಲ್ಲಿ ಸಭೆ ಸೇರಿದರು. ಹೊಸ ನಾಯಕ ಗಾಡ್ಫ್ರಿ ತೊಟ್ಟಿಯ ಮೇಲೆ ನಿಂತು ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡುತ್ತಿತ್ತು.

"ನೋಡು ಹ್ಯಾಮನ್ನಣ್ಣ," ಅಂದ ರ್‍ಯಾಂಡಲ್. "ಶುರು ಹಚ್ಚಿದೋನು ನೀನು. ದೊರೆ ಕೇಳಿದ್ರೆ ನಾವೆಲ್ಲ ನಿನ್ನ ಕಡೆ ಕೈ ತೋರಿಸೋದೇ. ಬೇಜಾರು ಮಾಡ್ಕೋಬೇಡ."

"ಅರಸರ ಪಟ್ಟಿಯಲ್ಲಿ ಸುಳ್ಳು ಬರೆಸಿದ್ರೆ ಏನು ಮಾಡ್ತಾರೆ?" ಎಂದು ಹ್ಯಾಮನ್ ಕೇಳಿದ.

"ಬರೆಸಿದವನ ಕೈಗೇ ಬಿಲ್ಲು ಕೊಟ್ಟು ಮೊದಲನೇ ಸಾಲಲ್ಲಿ ನಿಲ್ಲಿಸ್ತಾರೆ," ಅಂದ ಥರ್ಸ್ಟನ್. "ಮೊದಲನೇ ಸಾಲಲ್ಲಿ ಅಂಥ ಕಷ್ಟ ಏನಿಲ್ಲ ಬಿಡು. ತುಂಬ ಹೊತ್ತು ನಿಂತ್ಕೊಬೇಕಾಗಲ್ಲ."

ಹ್ಯಾಮನ್ ತೊಟ್ಟಿಯ ಅಂಚಿನ ಮೇಲೆ ಕೂತುಬಿಟ್ಟ. ಗಾಡ್ಫ್ರಿ ಅವನ ಕಿವಿ ಕಚ್ಚಿತು. ಅವನಿಗೆ ಅದು ತಿಳಿಯಲಿಲ್ಲ.

ಉಪಾಯಗಳಿಗೇನೂ ಕೊರತೆಯಿರಲಿಲ್ಲ. ಹದಿನಾಲ್ಕೂ ಜನ ಪ್ಲೇಗಿಗೆ ಸತ್ತರು ಎನ್ನೋಣ ಎಂದು ಒಬ್ಬ ಹೇಳಿದ. ಹಾಗಂದರೆ ದೊರೆ ಊರಿಗೇ ಬೆಂಕಿ ಹಚ್ಚಿಸಿ ಹೋಗುತ್ತಾರೆ ಎಂದು ಅದನ್ನು ಬಿಟ್ಟರು. ಕ್ಯಾಂಟರ್ಬರಿ ಯಾತ್ರೆಗೆ ಹೋಗಿದ್ದಾರೆ ಎನ್ನೋಣ ಎಂದ ಇನ್ನೊಬ್ಬ. ದೊರೆಗೆ ಭಕ್ತಿ ಹೆಚ್ಚು, ಹಿಂದೆಯೇ ಹೊರಟುಬಿಟ್ಟಾರು ಎಂದರು ಪಾದ್ರಿಗಳು. ಅವರು ಸಭೆಗೆ ಬಂದದ್ದು ಬುದ್ಧಿ ಹೇಳಲಿಕ್ಕೆ. ಆದರೆ ಉಪಾಯಗಳು ಸ್ವಾರಸ್ಯವಾಗಿದ್ದುದರಿಂದ ಕೂತುಬಿಟ್ಟಿದ್ದರು.

ಕೊನೆಗೆ ಊರಿನ ಹಳೆಯ ಪದ್ಧತಿಯೇ ಕೈಹಿಡಿಯಿತು. ಆಯುಧ ತಪಾಸಣೆಗೆ ಅಧಿಕಾರಿಗಳು ಬಂದಾಗಲೆಲ್ಲ ಮಿಕಲ್‌ಬಿ ಇಪ್ಪತ್ತು ಕತ್ತಿ ತೋರಿಸುತ್ತಿತ್ತು. ಇದ್ದದ್ದು ಎರಡು. ತೋರಿಸಿದವನು ಕತ್ತಿಯನ್ನು ಬೆನ್ನ ಹಿಂದಿನಿಂದ ಪಕ್ಕದವನಿಗೆ ದಾಟಿಸುತ್ತಿದ್ದ. ಅಧಿಕಾರಿಗಿಂತ ಕತ್ತಿ ಮುಂದೆ ಹೋಗಿ ನಿಂತಿರುತ್ತಿತ್ತು. ಮೂವತ್ತು ವರ್ಷದಿಂದ ಒಂದು ಸಲವೂ ತಪ್ಪಿರಲಿಲ್ಲ. ಕತ್ತಿ ದಾಟಿಸಿದವರಿಗೆ ಮನುಷ್ಯರನ್ನು ದಾಟಿಸುವುದು ಏನು ಮಹಾ? ಪಟ್ಟಿಯಲ್ಲಿರುವ ನಿಜವಾದ ಆರು ಜನರೇ ದೊರೆ ಮುಂದೆ ಹೋದಂತೆ ಹಿಂದಿನಿಂದ ಓಡಿ, ಟೋಪಿ ಬದಲಾಯಿಸಿ, ಸಾಲಿನ ಕೊನೆಗೆ ನಿಲ್ಲುವುದು ಎಂದು ತೀರ್ಮಾನವಾಯಿತು.

"ನಿಜ ಹೇಳಿಬಿಡಯ್ಯಾ," ಅಂದಳು ಅವೀಸ್. ಅವಳು ದೊಡ್ಡಿಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು.

"ಗಂಡಸರು ಮಾತಾಡೋವಾಗ ಮಧ್ಯೆ ಬರಬೇಡ ಕಣೇ."

"ಗಂಡಸರು ಎಲ್ಲಿದ್ದಾರೆ ಅಂತ ನಾನೂ ಆಗಿಂದ ನೋಡ್ತಿದ್ದೀನಿ," ಎಂದು ಅವೀಸ್ ಬಾರ್ಲಿಯ ಬುಟ್ಟಿ ಎತ್ತಿಕೊಂಡು ಹೋದಳು.

ಗುರುವಾರ ಬೆಳಗ್ಗೆ ಆಕಾಶ ತಿಳಿಯಾಗಿತ್ತು. ಹೆಬ್ಬಾತುಗಳನ್ನೆಲ್ಲ ದೊಡ್ಡಿಗಳಲ್ಲಿ ಕೂಡಿಹಾಕಿ ಅಗಣಿ ಹಾಕಿದ್ದರು. ಚರ್ಚಿನ ಹಿಂದಿನ ಬಯಲಿನಲ್ಲಿ ಆರು ಜನ ಸಾಲು ನಿಂತಿದ್ದರು. ಅವರ ಹಿಂದೆ ಬೇಲಿಯ ಮರೆಯಲ್ಲಿ ಹದಿನಾಲ್ಕು ಟೋಪಿಗಳ ರಾಶಿ. ಸರ್ ಬಾಲ್ಡ್ವಿನ್ ಬಂದರು. ಎತ್ತರದ ಆಳು, ಬಿಳಿಯ ಗಡ್ಡ, ರಣರಂಗದ ಈ ತುದಿಯಿಂದ ಆ ತುದಿಗೆ ಕೇಳುವ ಕಂಠ. ಆ ಕಂಠಕ್ಕೆ ಸಣ್ಣ ಧ್ವನಿಯಲ್ಲಿ ಮಾತಾಡುವ ಅಭ್ಯಾಸವೇ ತಪ್ಪಿಹೋಗಿತ್ತು.

"ಸಾಲಿನ ಮುಂದೆ ನಾನು ನಡೆಯೋದಿಲ್ಲ," ಎಂದು ಅವರು ಗುಡುಗಿದರು. "ಇಂಥವರ ಮುಂದೆ ನಾನು ನಿಲ್ಲಬೇಕು, ಅವರು ನಡೆದು ಬರಬೇಕು. ಲ್ಯಾಂಬರ್ಟ್, ಹೆಸರು ತೋರಿಸಿ. ನಾನೇ ಕರೀತೀನಿ."

ಮೂವತ್ತು ವರ್ಷದ ಪದ್ಧತಿ ಅಲ್ಲಿಗೆ ಮುಗಿಯಿತು.

ಮೊದಲು ಥರ್ಸ್ಟನ್, ಆಮೇಲೆ ಐವರು ಯುವಕರು. ಒಬ್ಬೊಬ್ಬರನ್ನೂ ದೊರೆ ತಬ್ಬಿಕೊಂಡು, ಹಿಂದಕ್ಕೆ ಹಿಡಿದು, ಮುಖವನ್ನು ದಿಟ್ಟಿಸಿ ನೋಡಿ ಬಿಟ್ಟರು. ಹಾಗೆ ನೋಡಿದ ಮುಖವನ್ನು ಯಾವ ಟೋಪಿಯೂ ಮುಚ್ಚುವಂತಿರಲಿಲ್ಲ. ಆರೂ ಜನ ಹ್ಯಾಮನ್‌ನ ಕಡೆ ತಿರುಗಿ, ನಮ್ಮಿಂದ ಇಷ್ಟೇ ಆಗೋದು ಎಂಬಂತೆ ನೋಡಿದರು.

"ಗಾಡ್ಫ್ರಿ ಪೆಕ್," ಎಂದು ಸರ್ ಬಾಲ್ಡ್ವಿನ್ ಕೂಗಿದರು.

ಯಾರೂ ಬರಲಿಲ್ಲ. ಹ್ಯಾಮನ್ ಹುಲ್ಲು ನೋಡುತ್ತಿದ್ದ.

"ಗಾಡ್ಫ್ರಿ ಪೆಕ್."

ಒಂಬತ್ತು ವರ್ಷದಿಂದ ಗಾಡ್ಫ್ರಿ ಎಂದು ಕೂಗಿದಾಗಲೆಲ್ಲ ಒಂದು ಬೊಗಸೆ ಬಾರ್ಲಿ ಸಿಕ್ಕಿತ್ತು. ಇಷ್ಟು ದೊಡ್ಡ ಧ್ವನಿಯಲ್ಲಿ ಕೂಗುತ್ತಿದ್ದಾರೆಂದರೆ ಬಾರ್ಲಿಯೂ ಅಷ್ಟೇ ದೊಡ್ಡದಿರಬೇಕು. ಹ್ಯಾಮನ್‌ನ ದೊಡ್ಡಿಯ ಕಡೆಯಿಂದ ಕಡ್ಡಿಬಾಗಿಲು ಮುರಿದ ಸದ್ದು ಕೇಳಿತು. ಬೇಲಿಯ ಮೂಲೆಯಲ್ಲಿ ಕೆಂಪು ರಿಬ್ಬನ್ ಕಾಣಿಸಿತು. ಗಾಡ್ಫ್ರಿ ಎದೆ ಮುಂದೆ ಮಾಡಿಕೊಂಡು, ಅವಸರವಿಲ್ಲದೆ, ಜನರ ನಡುವೆ ದಾರಿ ಬಿಡಿಸಿಕೊಂಡು, ಆರು ಜನರ ಸಾಲಿನ ಮುಂದೆ ಹಾದು, ದೊರೆಯ ಎದುರು ಬಂದು ನಿಂತಿತು.

"ಇದನ್ನು ಓಡಿಸಿ," ಅಂದರು ದೊರೆ. ಯಾರೂ ಕದಲಲಿಲ್ಲ. "ಗಾಡ್ಫ್ರಿ ಪೆಕ್ ಎಲ್ಲಿ?"

ಗಾಡ್ಫ್ರಿ ಕತ್ತು ಚಾಚಿ ಒಂದು ಸಲ ಕೂಗಿತು.

ದೊರೆ ಅದನ್ನು ನೋಡಿದರು. ಈ ಸಲ ಅವರ ಧ್ವನಿ ಸ್ವಲ್ಪ ಇಳಿದಿತ್ತು. "ಗಾಡ್ಫ್ರಿ?"

ಇನ್ನೊಂದು ಕೂಗು.

ಸರ್ ಬಾಲ್ಡ್ವಿನ್ ನಿಧಾನವಾಗಿ ಕೈ ಚಾಚಿದರು. ಲ್ಯಾಂಬರ್ಟ್ ಪಟ್ಟಿಯನ್ನು ಅವರ ಕೈಗಿಟ್ಟರು. ದೊರೆ ಗಟ್ಟಿಯಾಗಿ ಓದಿದರು: "ಎದೆ ಚೆನ್ನಾಗಿದೆ." ಹೆಬ್ಬಾತನ್ನು ನೋಡಿದರು. "ಕತ್ತು ಸ್ವಲ್ಪ ಉದ್ದ." ಮತ್ತೆ ನೋಡಿದರು. "ಗುರುತಿಲ್ಲದವರನ್ನು ಕಂಡರೆ ಸಿಟ್ಟು." ಅಷ್ಟರಲ್ಲಿ ಗಾಡ್ಫ್ರಿ ಬಾರ್ಲಿಯ ಸುಳಿವು ಕಾಣದೆ ಬೇಸತ್ತು ದೊರೆಯ ಬೂಟಿನ ಮೇಲೆ ಎರಗಿತ್ತು.

"ಹೌದು," ಅಂದರು ಸರ್ ಬಾಲ್ಡ್ವಿನ್. "ಇವನೇ."

ಲ್ಯಾಂಬರ್ಟ್‌ರ ಮುಖ ಸುಣ್ಣದಂತಾಯಿತು. "ಬ... ಬರ್ನಾರ್ಡ್ ಕ್ರೋ?" ಎಂದರು ಮೆಲ್ಲಗೆ. ರ್‍ಯಾಂಡಲ್‌ನ ದೊಡ್ಡಿಯಿಂದ ಉತ್ತರ ಬಂತು.

ಹೆಸರು ಕರೆಯುವ ಅಗತ್ಯ ಆಮೇಲೆ ಬೀಳಲಿಲ್ಲ. ಹದಿಮೂರು ಮನೆಗಳಿಂದ ಹದಿಮೂರು ಕೈಗಳು ಒಟ್ಟಿಗೆ ಮೇಲೆದ್ದು ಹ್ಯಾಮನ್‌ನತ್ತ ತೋರಿಸಿದವು. ಮೇಬಲ್ ಎರಡು ಕೈಯನ್ನೂ ಬಳಸಿದಳು.

ಹ್ಯಾಮನ್ ಮಂಡಿಯೂರಿದ. "ದೊರೆ, ನಂಗೆ ನಲವತ್ತಾರು. ನಾನು ಬಿಟ್ಟ ಬಾಣ ಎಲ್ಲಿಗೆ ಹೋಗುತ್ತೆ ಅನ್ನೋದು ನಂಗೂ ಗೊತ್ತಿಲ್ಲ, ಬಾಣಕ್ಕೂ ಗೊತ್ತಿಲ್ಲ. ಹೆಸರು ಕೇಳಿದಾಗ ಹೆದರಿಕೆಯಾಯ್ತು. ಹೇಳಿಬಿಟ್ಟೆ. ಇವರೆಲ್ಲ ನನ್ನ ನೋಡಿ ಹೇಳಿದ್ರು. ಅವನದೇನೂ ತಪ್ಪಿಲ್ಲ." ಕೊನೆಯ ಮಾತು ಗಾಡ್ಫ್ರಿಯ ಬಗ್ಗೆ.

ಸರ್ ಬಾಲ್ಡ್ವಿನ್ ಒಂದು ಮರದ ದಿಮ್ಮಿಯ ಮೇಲೆ ಕೂತರು.

"ಲ್ಯಾಂಬರ್ಟ್, ಮಂತ್ರಿಗಳಿಗೆ ನಾನು ಬರೆದ ಪತ್ರ?"

"ಸೋಮವಾರವೇ ಹೋಯಿತು, ದೊರೆ."

"ಅದರಲ್ಲಿ ಕೊನೆಯ ಸಾಲು ಏನಿತ್ತು?"

ಲ್ಯಾಂಬರ್ಟ್ ಸುಳ್ಳು ಹೇಳಲಾರದ ಮನುಷ್ಯ. "ಗಾಡ್ಫ್ರಿ ಪೆಕ್‌ನಂಥವನು ಮುಂದೆ ನಡೆದರೆ ನಾನೇ ಅವನ ಹಿಂದೆ ನಡೆಯಲು ಸಿದ್ಧ, ಅಂತ."

ಗಾಡ್ಫ್ರಿ ಆ ಹೊತ್ತಿಗೆ ಸರಿಯಾಗಿ ತಿರುಗಿ ಬಾಲ ಅಲ್ಲಾಡಿಸುತ್ತ ಕೊಳದ ಕಡೆ ನಡೆಯಿತು. ಪಾದ್ರಿ ಆಂಬ್ರೋಸರು ಮುಖವನ್ನು ಕರವಸ್ತ್ರದಿಂದ ಮುಚ್ಚಿಕೊಂಡರು. ಭುಜ ಕುಣಿಯುತ್ತಿತ್ತು.

"ಈ ಹದಿನಾಲ್ಕು ಜನ ನನ್ನ ಸೈನ್ಯದಲ್ಲಿ ಇರೋ ಹಾಗಿಲ್ಲ," ಅಂದರು ದೊರೆ. "ಇಲ್ಲವೇ ಇಲ್ಲ ಅನ್ನೋ ಹಾಗೂ ಇಲ್ಲ. ಇದ್ದರು, ಈಗ ನಿವೃತ್ತರಾದರು. ಬರೆದುಕೊಳ್ಳಿ."

"ನಿವೃತ್ತಿಗೆ ಕಾರಣ ಬರೆಯಬೇಕು, ದೊರೆ," ಅಂದರು ಲ್ಯಾಂಬರ್ಟ್. "ಕಾರಣ ನಿಜವೇ ಆಗಿರಬೇಕು. ಇನ್ನು ಮೇಲೆ ಈ ಹಾಳೆಯಲ್ಲಿ ನಾನು ಒಂದು ಅಕ್ಷರ ಸುಳ್ಳು ಬರೆಯೋದಿಲ್ಲ."

"ನಿಜವನ್ನೇ ಬರೀರಿ. ಯಾರು ಬೇಡ ಅಂದ್ರು?"

ಹೀಗೆ ಮಿಕಲ್‌ಬಿಯ ಹದಿನಾಲ್ಕು ಬಿಲ್ಲುಗಾರರ ಗೌರವದ ಬಿಡುಗಡೆ ನಡೆಯಿತು. ದೊಡ್ಡಿಗಳ ಬಾಗಿಲು ತೆಗೆದು ಹೆಬ್ಬಾತುಗಳನ್ನು ಒಂದೊಂದಾಗಿ ಎತ್ತಿಕೊಂಡು ತಂದರು. ಲ್ಯಾಂಬರ್ಟ್ ಪ್ರತಿಯೊಂದನ್ನೂ ಖುದ್ದಾಗಿ ಪರೀಕ್ಷಿಸಿದರು. ಬರ್ನಾರ್ಡ್ ಕ್ರೋ: ಎತ್ತರ ಸಾಲದು. ವಾಲ್ಟರ್: ಬಿಲ್ಲೆಳೆಯಲು ಬೆರಳಿಲ್ಲ. ಹ್ಯೂ: ನೀರು ಕಂಡರೆ ಸಾಲು ಬಿಟ್ಟು ಹೋಗುತ್ತಾನೆ. ಫಿಲಿಪ್: ಹೇಳಿದ್ದು ಅರ್ಥವಾಗುವುದಿಲ್ಲ.

"ಅದನ್ನ ಕಾರಣ ಅನ್ಬೇಡಿ ಸ್ವಾಮಿ," ಅಂದ ಥರ್ಸ್ಟನ್. "ಅರ್ಧ ಸೈನ್ಯ ಖಾಲಿಯಾಗುತ್ತೆ."

ಆ ಸಾಲನ್ನು ಹೊಡೆದುಹಾಕಿ, ಹಲ್ಲಿಲ್ಲ, ಸೈನ್ಯದ ರೊಟ್ಟಿ ಅಗಿಯಲಾರ ಎಂದು ಬರೆದರು. ಕೊನೆಯಲ್ಲಿ ಗಾಡ್ಫ್ರಿಯನ್ನು ಹಿಡಿದು ತಂದರು. ಅದಕ್ಕೆ ನಾಲ್ಕು ಜನ ಬೇಕಾದರು. ಲ್ಯಾಂಬರ್ಟ್ ಅದನ್ನು ಸುತ್ತಲಿನಿಂದ, ಮೇಲಿನಿಂದ, ಸುರಕ್ಷಿತ ದೂರದಲ್ಲಿ ಬಗ್ಗಿ ಕೆಳಗಿನಿಂದ ನೋಡಿದರು. "ಗಾಡ್ಫ್ರಿ ಪೆಕ್," ಎಂದು ಬರೆದರು. "ಚಪ್ಪಟೆ ಪಾದ. ದೂರದ ದಂಡಯಾತ್ರೆಗೆ ನಡೆಯಲಾರ."

ಸರ್ ಬಾಲ್ಡ್ವಿನ್ ಎದ್ದು ಮೈ ಕೊಡವಿಕೊಂಡರು. ನಿಜವಾದ ಆರು ಜನ ಸಿಕ್ಕಿದ್ದರು, ಹೆಬ್ಬಾತುಗಳ ವಿಷಯ ಹಾಳೆಯಲ್ಲಿ ಮುಚ್ಚಿತ್ತು. ಅವರ ಕಣ್ಣು ಇನ್ನೂ ಮಂಡಿಯೂರಿಯೇ ಇದ್ದ ಹ್ಯಾಮನ್‌ನ ಮೇಲೆ ಬಿತ್ತು.

"ಇವನು ಏಳನೆಯವನು," ಅಂದರು. "ಮೊದಲನೇ ಸಾಲು."

ಈ ಸಲ ಯಾರೂ ನಗಲಿಲ್ಲ. ಕೈ ತೋರಿಸಿದ್ದ ಹದಿಮೂರೂ ಜನ ತಮ್ಮ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ನಿಂತರು. ರ್‍ಯಾಂಡಲ್, "ದೊರೆ, ಅವನು ಬಾಣ ಬಿಟ್ಟರೆ ನಮ್ಮವರಿಗೇ ಅಪಾಯ," ಅಂದ. "ಎದುರಿನವರಿಗೂ ಇರುತ್ತಲ್ಲ," ಅಂದರು ದೊರೆ. ಹ್ಯಾಮನ್ ಮಂಡಿಯೂರಿದಲ್ಲೇ ತಿರುಗಿದ. ಅವನು ಅವೀಸ್‌ಳನ್ನು ನೋಡಿದ. ಮದುವೆಯಾದಂದಿನಿಂದ ಅವನು ಅವಳನ್ನು ಹಾಗೆ ನೋಡಿರಲಿಲ್ಲ.

ಅವೀಸ್ ಏಪ್ರನ್ನಿಗೆ ಕೈ ಒರೆಸಿಕೊಂಡು ಮುಂದೆ ಬಂದಳು.

"ಗಾಡ್ಫ್ರಿನ ಯಾಕೆ ಬಿಟ್ರಿ ದೊರೆ?"

"ಓದಿದ್ದು ಕೇಳಿಸಲಿಲ್ಲವೇನಮ್ಮ? ಚಪ್ಪಟೆ ಪಾದ."

"ಆ ಕಾನೂನು ನಾಯಕರಿಗೆ ಮಾತ್ರವೋ, ಎಲ್ಲರಿಗೂ ಇದೆಯೋ?"

"ಎಲ್ಲರಿಗೂ," ಅಂದರು ಲ್ಯಾಂಬರ್ಟ್, ದೊರೆ ಬಾಯಿ ತೆಗೆಯುವ ಮುಂಚೆ.

"ಹ್ಯಾಮನ್, ಬೂಟು ಬಿಚ್ಚು."

"ಇಷ್ಟು ಜನರ ಮುಂದೆಯಾ?"

"ಇಲ್ಲಿ ಬಿಚ್ತೀಯೋ, ಫ್ರಾನ್ಸಲ್ಲಿ ಬಿಚ್ತೀಯೋ?"

ಹ್ಯಾಮನ್ ಕೂತು ಬೂಟು ಬಿಚ್ಚಿದ. "ಇಪ್ಪತ್ತೆರಡು ವರ್ಷ ಇವನ ಹಿಂದೆ ನೆಲ ಒರೆಸಿದ್ದೀನಿ ದೊರೆ," ಅಂದಳು ಅವೀಸ್. "ಬೇರೆಯವರ ಒದ್ದೆ ಕಾಲಿನ ಗುರುತು ನಡುವಲ್ಲಿ ಸಣ್ಣಗಿರುತ್ತೆ. ಇವನದು ರೊಟ್ಟಿ ತಟ್ಟಿಟ್ಟ ಹಾಗೆ."

"ಹೇಳಿಕೆ ಸಾಲದು," ಅಂದರು ಲ್ಯಾಂಬರ್ಟ್. ಒಂದು ಸಲ ಸುಟ್ಟುಕೊಂಡ ಮೇಲೆ ಅವರು ಬೇರೆಯೇ ಮನುಷ್ಯರಾಗಿದ್ದರು. "ನಾನೇ ನೋಡಬೇಕು."

ಮೇಬಲ್ ಒಂದು ಬಕೆಟ್ ನೀರು ತಂದಳು. ಬಿಯರಿನ ಮನೆಯ ಅಗಲವಾದ ಹಲಗೆಯನ್ನು ಹುಲ್ಲಿನ ಮೇಲೆ ಹಾಸಿದರು. ಮೊದಲು ಗಾಡ್ಫ್ರಿಯ ಕಾಲನ್ನು ಅದ್ದಿ ಹಲಗೆಯ ಮೇಲೆ ನಡೆಸಿದರು. ಅದರ ಪಕ್ಕದಲ್ಲೇ ಹ್ಯಾಮನ್ ಕಾಲು ಅದ್ದಿ, ಚಲ್ಲಣ ಎತ್ತಿಕೊಂಡು, ಇಡೀ ಊರು ನೋಡುತ್ತಿದ್ದಂತೆ ಈ ತುದಿಯಿಂದ ಆ ತುದಿಗೆ ನಡೆದ. ಲ್ಯಾಂಬರ್ಟ್ ಮಂಡಿಯೂರಿ ಎರಡು ಸಾಲು ಗುರುತುಗಳನ್ನೂ ಮೂಗು ತಾಗುವಷ್ಟು ಹತ್ತಿರದಿಂದ ಹೋಲಿಸಿದರು. ದೊರೆಯೂ ಬಗ್ಗಿದರು. ಪಾದ್ರಿಗಳೂ ಬಗ್ಗಿದರು.

"ವ್ಯತ್ಯಾಸ ಕಾಣುವುದಿಲ್ಲ," ಅಂದರು ಲ್ಯಾಂಬರ್ಟ್.

ಮೊದಲು ನಕ್ಕವರು ಸರ್ ಬಾಲ್ಡ್ವಿನ್. ಆ ಕಂಠಕ್ಕೆ ಸಣ್ಣಗೆ ನಗಲೂ ಬರುತ್ತಿರಲಿಲ್ಲ. ನಾನೂರು ಹೆಬ್ಬಾತುಗಳೂ ಒಮ್ಮೆಗೇ ಕೂಗಿಕೊಂಡವು. ರ್‍ಯಾಂಡಲ್ ಓಡಿಬಂದು ಹ್ಯಾಮನ್‌ನನ್ನು ತಬ್ಬಿಕೊಂಡ.

ಹ್ಯಾಮನ್‌ಗೆ ಮಾತ್ರ ಜೀವ ಉಳಿದ ಕೂಡಲೇ ಮಾನದ ಚಿಂತೆ ಹತ್ತಿತು. ಒಂದು ಕಾಲು ಬೂಟಿನೊಳಗಿಟ್ಟುಕೊಂಡು ಕುಂಟುತ್ತ ಗುಮಾಸ್ತರ ಬಳಿಗೆ ಹೋದ. "ಸ್ವಾಮಿ, ನನ್ನ ಬೆರಳುಗಳ ನಡುವೆ ಚರ್ಮ ಇಲ್ಲ. ಅದನ್ನೂ ಒಂದು ಮಾತು ಬರ್ಕೊಳ್ಳಿ."

"ಜಾಗವಿಲ್ಲ," ಅಂದರು ಲ್ಯಾಂಬರ್ಟ್. ಗಾಡ್ಫ್ರಿಯ ಸಾಲಿನ ಕೆಳಗೆ ಉಳಿದಿದ್ದ ಅಂಚಿನಲ್ಲಿ ಅವರು ಬರೆದು ಮುಗಿಸಿ ಮರಳು ಚಿಮುಕಿಸುತ್ತಿದ್ದರು.

"ಹ್ಯಾಮನ್ ಪೆಕ್. ಅದೇ ಮನೆ. ಅದೇ ಪಾದ."